ಕನ್ನಡಿ ಚೌಕಟ್ಟಿನ ಟೈಲ್ಸ್ ಚೂರು ಉದುರೋದಕ್ಕೆ ಕಾರಣ

ಧಾರವಾಡದ ಮಳೆಗಾಲ ಮುಗಿಯೋದ್ರಾಗ ಬಾತ್‌ರೂಮ್ ಕನ್ನಡಿ ಚೌಕಟ್ಟಿಗೆ ಅಂಟಿಸಿದ ಮೊಸಾಯಿಕ್ (ಒಡೆದ ಟೈಲ್ಸ್) ಚೂರು ಉದುರಿದವು, ಕನ್ನಡಿ ಅಂಚೂ ಕಪ್ಪಾಯ್ತು ಅಂದ್ರಿ. ಎರಡಕ್ಕೂ ಕಾರಣ ಬೇರೆ ಬೇರೆ.

ನೀವು ಹಾಕಿದ್ದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ, ಬಿಳಿ ಫೆವಿಕಾಲ್. ತೇವಕ್ಕೆ ಎಂಡಿಎಫ್ ಉಬ್ಬತದ, ಆ ಅಂಟು ಮೆತ್ತಗಾಗತದ. ಟೈಲ್ಸ್ ಮಾತ್ರ ಹಿಗ್ಗೂದಿಲ್ಲ, ಅದಕ್ಕ ಕಳಚತದ. ಈ ಸಲ 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ತಗೋರಿ, ಕತ್ತರಿಸಿದ ಅಂಚಿಗೂ ಪ್ರೈಮರ್ ಬಳೀರಿ. ಪ್ಲೈವುಡ್ಡಿಗೆ ಹಿಡಿಯುವ ಪಾಲಿಮರ್ ಟೈಲ್ ಅಡೆಸಿವ್ (ಟೈಲ್ಸ್ ಅಂಟು) ಬೇಕು, ಬರೀ ಸಿಮೆಂಟ್ ನಡೆಯೂದಿಲ್ಲ.

ಕಪ್ಪು ಅಂಚು ಸಿಲಿಕೋನ್ (ಸಂದಿಗೆ ಹಚ್ಚೋ ರಬ್ಬರಿನಂಥ ಅಂಟು) ಮಾಡಿದ ಕೆಲಸ. ವಿನೆಗರ್ ವಾಸನೆ ಬರೋ ಸಿಲಿಕೋನ್ ಕನ್ನಡಿ ಹಿಂದಿನ ಬೆಳ್ಳಿ ಲೇಪ ತಿನ್ನತದ. ‘ನ್ಯೂಟ್ರಲ್ ಕ್ಯೂರ್’ (ಆ ವಾಸನೆ ಬರದ ನಮೂನಿ) ಅಂತ ಬರೆದದ್ದನ್ನೇ ಕೇಳ್ರಿ.

45×60 ಸೆಂ.ಮೀ. ಕನ್ನಡಿಗೆ ಸುತ್ತಲೂ 8 ಸೆಂ.ಮೀ. ಪಟ್ಟಿ ಅಂದ್ರ ಸುಮಾರು 2 ಚದರಡಿ ಟೈಲ್ಸ್. ಹುಬ್ಬಳ್ಳಿ ಟೈಲ್ಸ್ ಅಂಗಡಿಗಳಾಗ ಒಡೆದ ತುಂಡು ಕೇಳಿ ನೋಡ್ರಿ. ಗೋಣಿಚೀಲದಾಗ ಸುತ್ತಿ ಸುತ್ತಿಗೆಯಿಂದ ಒಡೀರಿ. ಕಣ್ಣಿಗೆ ಗಾಗಲ್ ಇರಲೇಬೇಕು. ಚೂರುಗಳ ನಡುವೆ 2-3 ಮಿ.ಮೀ. ಸಂದು ಬಿಡ್ರಿ. ಒಂದು ದಿನ ಒಣಗಿದ ಮೇಲೆ ಗ್ರೌಟ್ (ಸಂದು ತುಂಬೋ ಪುಡಿ, ನೀರಾಗ ಕಲಸೋದು) ತುಂಬ್ರಿ. ನೀರು ಹೆಚ್ಚಾದ್ರ ಬಿರಿತದ, ಪೇಸ್ಟಿನ ಹದ ಸಾಕು. ಕನ್ನಡಿಗೆ ತಾಗುವ ಸಂದಿಗೆ ಮಾತ್ರ ಗ್ರೌಟ್ ಬ್ಯಾಡ, ಅಲ್ಲಿ ಸಿಲಿಕೋನೇ.

ಒಟ್ಟು 10 ಕೆ.ಜಿ. ಹತ್ತಿರ ಆಗತದ. ಒಂದೇ ಮೊಳೆಗೆ ನೇತುಹಾಕಬ್ಯಾಡ್ರಿ, ಗೋಡೆಗೆ ಎರಡು ಕಡೆ ಸ್ಕ್ರೂ ಹಿಡಿಯೋ ಪ್ಲಗ್ ಹೊಡೆದು ಸ್ಕ್ರೂ ಹಾಕ್ರಿ.