ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡ, ಅಣಬೆಗಳ ಮಾದರಿಗಳನ್ನು ಕಾಪಿಡುವ ಸಂಗ್ರಹದಲ್ಲಿ) ನೂರು ವರ್ಷ ಹಳೆಯ ಅಣಬೆ ಕೊಳೆಯದೆ ಉಳಿಯುವುದು ಹೇಗೆ?

ಪೂರ್ತಿ ಒಣಗಿಸಿರುವುದರಿಂದ. ಹಸಿ ಅಣಬೆಯ ತೂಕದಲ್ಲಿ ಸುಮಾರು ಶೇ 90 ನೀರೇ. ಅದು ಹೋದ ಮೇಲೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯಲಾರವು. ಅಣಬೆಯನ್ನು ಒಳಗಿನಿಂದಲೇ ಕರಗಿಸುವ ಅದರದೇ ಕಿಣ್ವಗಳೂ ಕೆಲಸ ನಿಲ್ಲಿಸುತ್ತವೆ.

ಕಿತ್ತ ದಿನವೇ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಗಾಳಿಯಲ್ಲಿ, ಮುರಿದರೆ ಹಪ್ಪಳದಂತೆ ಪಟ್ಟನೆ ತುಂಡಾಗುವವರೆಗೆ ಒಣಗಿಸಬೇಕು. ಶಾಖ ಹೆಚ್ಚಾದರೆ ಬೆಂದು ಡಿಎನ್‌ಎ ಹಾಳಾಗುತ್ತದೆ, ಕಡಿಮೆಯಾದರೆ ಒಣಗುವ ಮೊದಲೇ ಹುಳ ತಿನ್ನುತ್ತದೆ. ಬಣ್ಣ, ವಾಸನೆ ಹೇಗೂ ಉಳಿಯವು. ಹಾಗಾಗಿ ಹಸಿಯಿದ್ದಾಗ ಬರೆದ ಚೀಟಿ ಇಲ್ಲದ ಮಾದರಿಗೆ ಅರ್ಧ ಬೆಲೆಯೂ ಇಲ್ಲ. ಗಟ್ಟಿ ಗೋಡೆಯ ಬೀಜಕಣಗಳು ಮಾತ್ರ ಉಳಿಯುತ್ತವೆ: ಒಂದು ಚೂರನ್ನು ಶೇ 3ರಿಂದ 5ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿದರೆ ಸೂಕ್ಷ್ಮದರ್ಶಕದಲ್ಲಿ ಅಳೆಯಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾರ್ಲೋ ಹರ್ಬೇರಿಯಂನಂಥ ಸಂಗ್ರಹಗಳು ಇಂದಿಗೂ ಉಪಯೋಗಕ್ಕೆ ಬರುವುದು ಇದರಿಂದಲೇ.

ಒಣಗಿದ ಮೇಲೆ ದೊಡ್ಡ ಶತ್ರು ಕೀಟ, ಅದರಲ್ಲೂ ಸಿಗರೇಟ್ ಜೀರುಂಡೆ. ಹೊಸ ಮಾದರಿಯನ್ನು ಗಾಳಿಯಾಡದ ಚೀಲದಲ್ಲಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಟ್ಟು ಆಮೇಲೆ ಒಳಗೆ ಸೇರಿಸುತ್ತಾರೆ. ಹೊರತೆಗೆದ ಕೂಡಲೇ ಚೀಲ ಬಿಚ್ಚಬಾರದು. ತಣ್ಣಗಿನ ಮಾದರಿಯ ಮೇಲೆ ನೀರಿನ ಹನಿ ಕಟ್ಟಿ ಬೂಷ್ಟು ಹಿಡಿಯುತ್ತದೆ. ಹಳೆಯ ಕಾಲದ ಎಷ್ಟೋ ಮಾದರಿಗಳಿಗೆ ಕೀಟ ಬಾರದಿರಲೆಂದು ಪಾದರಸದ ಕ್ಲೋರೈಡ್ ಬಳಿದಿದ್ದಾರೆ. ಅದು ವಿಷ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲೇ ಪೊಟ್ಟಣ ಬಿಚ್ಚಬೇಕು.