ರಾತ್ರಿ ಊಟ ಮುಗಿದ ಮೇಲೆ ಮನೆಗೆ ಹೋಗುವುದು ಹೇಗೆ?

ಬೆಂಗಳೂರಿನ ಇಂದಿರಾನಗರದ ಹೊಸ ಹೋಟೆಲ್‌ಗಳ ಬಗ್ಗೆ ಮತ್ತು ಅಲ್ಲಿಂದ ರಾತ್ರಿ ಹಿಂತಿರುಗುವ ಕಷ್ಟದ ಬಗ್ಗೆ ಬಂದಿರುವ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾವಿಬ್ಬರೂ ಅರವತ್ತೈದು ದಾಟಿದ ದಂಪತಿ; ವಿಜಯನಗರದಲ್ಲಿ ವಾಸವಾಗಿದ್ದೇವೆ, ಕಾರು ಇಲ್ಲ. ಇಂದಿರಾನಗರದ ಹೊಸ ಹೋಟೆಲೊಂದರಲ್ಲಿ ರಾತ್ರಿ ಊಟ ಮಾಡಬೇಕೆಂಬ ಆಸೆಯಿದೆ. ಮೆಟ್ರೊದಲ್ಲೇ ಹೋಗಿ ಬರಬಹುದೇ? ಕೊನೆಯ ರೈಲು ತಪ್ಪಿಹೋದೀತೆಂಬ ಅಂಜಿಕೆ ನನ್ನವರಿಗಿದೆ.
(ಓದುಗರೊಬ್ಬರು, ವಿಜಯನಗರ)

ಉತ್ತರ: ಧಾರಾಳವಾಗಿ ಹೋಗಿ ಬನ್ನಿ. ವಿಜಯನಗರ ಮತ್ತು ಇಂದಿರಾನಗರ ಎರಡೂ ನೇರಳೆ ಮಾರ್ಗದಲ್ಲೇ ಇರುವುದರಿಂದ ನೀವು ಎಲ್ಲಿಯೂ ರೈಲು ಬದಲಿಸಬೇಕಾಗಿಲ್ಲ. ನಮ್ಮ ಮೆಟ್ರೊ 2011ರ ಅಕ್ಟೋಬರ್ 20ರಂದು ಮೊದಲ ಬಾರಿಗೆ ಓಡಿದ್ದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ, ಇಂದಿರಾನಗರ ನಿಲ್ದಾಣ ಆ ಮೊದಲ ದಿನದಿಂದಲೂ ಇದೆ. ನಿಲ್ದಾಣವಿರುವುದು ಸಿ.ಎಂ.ಎಚ್. ರಸ್ತೆಯ ಮೇಲೆ. ಮಾರ್ಗವು ಆ ರಸ್ತೆಯಲ್ಲಿ ಬರಬಾರದೆಂದು ಅಂದು ಅಲ್ಲಿಯ ವರ್ತಕರು ಗಟ್ಟಿಯಾಗಿ ವಿರೋಧಿಸಿದ್ದರು. ಇಂದು ಅದೇ ನಿಲ್ದಾಣದ ಮೆಟ್ಟಿಲಿಳಿದು ಬರುವ ಜನರನ್ನೂ ನೆಚ್ಚಿಕೊಂಡು ಸುತ್ತಮುತ್ತ ಎಷ್ಟೋ ಹೋಟೆಲ್‌ಗಳು ನಡೆಯುತ್ತಿವೆ.

ನೇರಳೆ ಮಾರ್ಗದ ಎರಡೂ ತುದಿಗಳಿಂದ ಕೊನೆಯ ರೈಲುಗಳು ರಾತ್ರಿ ಹನ್ನೊಂದರ ಆಸುಪಾಸಿನಲ್ಲಿ ಹೊರಡುತ್ತವೆ. ನಿಮಗೆ ಬೇಕಾದದ್ದು ವೈಟ್‌ಫೀಲ್ಡ್ ಕಡೆಯಿಂದ ಬಂದು ಮೆಜೆಸ್ಟಿಕ್ ಮೂಲಕ ಚಲ್ಲಘಟ್ಟದತ್ತ ಹೋಗುವ ರೈಲು. ಕೊನೆಯ ರೈಲನ್ನೇ ನಂಬಿಕೊಳ್ಳದೆ ಹತ್ತೂವರೆಗೆಲ್ಲ ಪ್ಲಾಟ್‌ಫಾರಂ ಮೇಲೆ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು; ರಾತ್ರಿಯಾದಂತೆ ರೈಲುಗಳ ನಡುವಿನ ಅಂತರ ಹೆಚ್ಚುತ್ತದೆ, ಕಾಯುವಿಕೆಯೂ ಉದ್ದವಾಗುತ್ತದೆ. ಹೋಗುವಾಗಲೇ ನಿಲ್ದಾಣದ ಸಿಬ್ಬಂದಿಯನ್ನು ಕೇಳಿ ಆ ದಿನದ ಕೊನೆಯ ರೈಲಿನ ಸಮಯವನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ವೇಳಾಪಟ್ಟಿ ಆಗಾಗ ಬದಲಾಗುತ್ತಿರುತ್ತದೆ. ಸ್ಮಾರ್ಟ್ ಕಾರ್ಡ್ ಇದ್ದರೆ ಟಿಕೆಟ್ ಸರದಿಯೂ ತಪ್ಪುತ್ತದೆ, ದರದಲ್ಲಿ ಒಂದಿಷ್ಟು ರಿಯಾಯಿತಿಯೂ ದೊರೆಯುತ್ತದೆ.

ಹೋಟೆಲ್ ಆರಿಸುವಾಗ ಒಂದು ಸಂಗತಿಯನ್ನು ಗಮನಿಸಬೇಕು. ಹೆಸರು ಮಾಡಿರುವ ಹನ್ನೆರಡನೇ ಮುಖ್ಯರಸ್ತೆಯು ನಿಲ್ದಾಣದಿಂದ ಒಂದು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ನೂರಡಿ ರಸ್ತೆಯ ದೊಮ್ಮಲೂರಿನ ಕಡೆಯ ತುದಿ ಇನ್ನೂ ದೂರ. ವಾರಾಂತ್ಯದ ರಾತ್ರಿಗಳಲ್ಲಿ ಅಲ್ಲಿಯ ಪಾದಚಾರಿ ಮಾರ್ಗದ ಮೇಲೆ ವಾಹನಗಳು ನಿಂತಿರುವುದುಂಟು, ಆಗ ಹಿರಿಯರು ರಸ್ತೆಗೆ ಇಳಿದು ನಡೆಯಬೇಕಾಗುತ್ತದೆ. ಆದ್ದರಿಂದ ಮೊದಲ ಸಲ ಸಿ.ಎಂ.ಎಚ್. ರಸ್ತೆಯಲ್ಲೇ ಅಥವಾ ಅದಕ್ಕೆ ಹೊಂದಿದ ಅಡ್ಡರಸ್ತೆಗಳಲ್ಲೇ ಊಟ ಮಾಡಿ, ಮತ್ತು ಏಳಕ್ಕೆಲ್ಲ ತಲುಪಿಬಿಡಿ. ಎಂಟು ಗಂಟೆಯ ನಂತರ ಹೊಸ ಹೋಟೆಲ್‌ಗಳ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕಾಗುತ್ತದೆ, ರೈಲಿಗೆ ತಡವಾಗುವುದು ಸಾಮಾನ್ಯವಾಗಿ ಊಟದಿಂದಲ್ಲ, ಆ ಕಾಯುವಿಕೆಯಿಂದ.

ಪ್ರಶ್ನೆ: ರಾತ್ರಿ ಒಂಬತ್ತೂವರೆಗೇ ಆಟೋದವರು ‘ನೈಟ್ ಚಾರ್ಜ್’ ಎಂದು ಒಂದೂವರೆ ಪಟ್ಟು ಕೇಳುತ್ತಾರೆ. ನಿಯಮ ಏನಿದೆ?
(ಓದುಗರೊಬ್ಬರು, ಹೊಸ ತಿಪ್ಪಸಂದ್ರ)

ಉತ್ತರ: ಒಂದೂವರೆ ಪಟ್ಟು ದರ ಅನ್ವಯಿಸುವುದು ರಾತ್ರಿ 10ರಿಂದ ಬೆಳಗಿನ 5ರವರೆಗೆ ಮಾತ್ರ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆನಂತರದ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಎಂಟು ಕಿಲೋಮೀಟರಿಗೆ ಹಗಲಿನಲ್ಲಿ 144 ರೂಪಾಯಿಯಾದರೆ ರಾತ್ರಿ ಹತ್ತರ ನಂತರ 216 ರೂಪಾಯಿ. ಒಂಬತ್ತೂವರೆಗೆ ಅದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ ಹತ್ತರ ನಂತರ ಮೀಟರ್ ಹಾಕಿ ಒಂದೂವರೆ ಪಟ್ಟು ಕೇಳುವ ಚಾಲಕರ ಜೊತೆ ಜಗಳವಾಡುವುದೂ ನ್ಯಾಯವಲ್ಲ. ಅದು ಅವರಿಗೆ ಸಲ್ಲಬೇಕಾದ ಹಣ.

ಪ್ರಶ್ನೆ: ನಾನು ಇಂದಿರಾನಗರದ ರೆಸ್ಟೋರೆಂಟೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಮನೆ ಕೆ.ಆರ್. ಪುರದ ಹತ್ತಿರ. ಮೊದಲು ಹತ್ತೂವರೆಗೆ ಬಿಡುತ್ತಿದ್ದರು. ಈಗ ಒಂದು ಗಂಟೆಯವರೆಗೆ ತೆರೆದಿಡುವುದರಿಂದ ಪಾತ್ರೆ ತೊಳೆದು ಒಲೆ ಒರೆಸಿ ಹೊರಡುವಾಗ ಒಂದೂವರೆಯಾಗುತ್ತದೆ. ಗಂಡಸರು ಹೋಟೆಲ್‌ನವರು ಕೊಟ್ಟ ರೂಮಿನಲ್ಲಿ ಉಳಿಯುತ್ತಾರೆ. ನನಗೆ ಆಟೋ ಖರ್ಚೇ ಸಂಬಳದ ದೊಡ್ಡ ಭಾಗವಾಗಿದೆ. ಏನು ಮಾಡಲಿ?
(ಓದುಗರೊಬ್ಬರು, ಕೆ.ಆರ್. ಪುರ)

ಉತ್ತರ: ಅಮ್ಮಾ, ಈ ಬಾರಿಯ ಪತ್ರಗಳಲ್ಲಿ ನಿಮ್ಮದನ್ನೇ ಮೊದಲು ಓದಬೇಕಾದವರು ಹೋಟೆಲ್ ಮಾಲೀಕರು ಮತ್ತು ಸಾರಿಗೆ ಅಧಿಕಾರಿಗಳು. ಮೊದಲು ನಿಮ್ಮ ಹಕ್ಕಿನ ಮಾತು. ರಾತ್ರಿ 8ರ ನಂತರ ಮಹಿಳೆಯರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ರಕ್ಷಣೆಯ ಏರ್ಪಾಡು ಇರಬೇಕು, ಮನೆಗೆ ಹೋಗಿ ಬರಲು ವಾಹನದ ವ್ಯವಸ್ಥೆಯನ್ನು ಮಾಲೀಕರೇ ಮಾಡಬೇಕು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ರಾತ್ರಿ ಕೆಲಸದ ಅನುಮತಿ ಕೊಡುವಾಗ ರಾಜ್ಯ ಸರ್ಕಾರ ವಿಧಿಸಿರುವ ಷರತ್ತುಗಳಿವು. ಅಂದರೆ ನೀವು ಕೇಳುತ್ತಿರುವುದು ಮಾಲೀಕರ ದಯೆಯನ್ನಲ್ಲ. ನಿಮ್ಮಂತೆಯೇ ತಡವಾಗಿ ಹೊರಡುವ ಇತರ ಹೆಣ್ಣುಮಕ್ಕಳ ಜೊತೆ ಸೇರಿ, ಬಿಡುವ ವೇಳೆ ಮತ್ತು ಮನೆಯ ದೂರವನ್ನು ನಮೂದಿಸಿ ಬರಹದಲ್ಲಿ ಕೇಳಿರಿ. ಆ ಪತ್ರದ ಒಂದು ನಕಲನ್ನು ನಿಮ್ಮ ಬಳಿ ಇಟ್ಟುಕೊಳ್ಳಿರಿ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಯ ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬಹುದು. ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಹೆಚ್ಚುವರಿ ವೇತನ ಸಲ್ಲಬೇಕೆಂಬುದನ್ನೂ ಅದೇ ಪತ್ರದಲ್ಲಿ ನೆನಪಿಸಿರಿ.

ಇನ್ನು ಸಾರ್ವಜನಿಕ ಸಾರಿಗೆಯ ಮಾತು. ಕೆ.ಆರ್. ಪುರದವರೆಗೆ ಮೆಟ್ರೊ ಇದೆ; ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಉಳಿದಿದ್ದ ಎರಡು ಕಿಲೋಮೀಟರಿನ ತುಂಡು 2023ರ ಅಕ್ಟೋಬರ್ 9ರಂದು ತೆರೆದ ಮೇಲೆ ಇಂದಿರಾನಗರದಿಂದ ನಿಮ್ಮ ಊರಿಗೆ ಕೆಲವೇ ನಿಲ್ದಾಣಗಳ ಪಯಣ. ನಿಮ್ಮ ದಿಕ್ಕಿನ ಕೊನೆಯ ರೈಲು ಮೆಜೆಸ್ಟಿಕ್‌ನಿಂದ ಹನ್ನೊಂದೂವರೆಯ ನಂತರ ಹೊರಡುವುದರಿಂದ ಹಳೆಯ ವೇಳೆಗೆ ಕೆಲಸ ಬಿಟ್ಟಿದ್ದರೆ ಅದು ನಿಮಗೆ ಸಿಗುತ್ತಿತ್ತು. ಆದರೆ 2024ರಲ್ಲಿ ಸರ್ಕಾರವು ನಗರದ ಹೋಟೆಲ್ ಮತ್ತು ಬಾರ್‌ಗಳಿಗೆ ರಾತ್ರಿ 1ರವರೆಗೆ ತೆರೆದಿಡಲು ಅನುಮತಿ ಕೊಟ್ಟಿತು, ರೈಲು ಮಾತ್ರ ಹಳೆಯ ವೇಳೆಗೇ ನಿಂತಿತು. ಗಿರಾಕಿ ಕಾರಿನಲ್ಲೋ ಕ್ಯಾಬಿನಲ್ಲೋ ಹೋಗುತ್ತಾನೆ. ತಟ್ಟೆ ತೊಳೆದವರು ಹೇಗೆ ಹೋಗಬೇಕೆಂಬುದನ್ನು ಅನುಮತಿ ಕೊಡುವಾಗಲೇ ಯೋಚಿಸಬೇಕಾಗಿತ್ತು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಹಾಗಾದರೆ ಮೆಟ್ರೊವನ್ನೇ ರಾತ್ರಿಯಿಡೀ ಓಡಿಸಬಹುದಲ್ಲ ಎಂದು ಹಲವರು ಕೇಳುತ್ತಾರೆ. ಅದು ತೋರುವಷ್ಟು ಸುಲಭವಲ್ಲ. ನಮ್ಮ ಮೆಟ್ರೊಗೆ ವಿದ್ಯುತ್ ಬರುವುದು ಹಳಿಯ ಪಕ್ಕದಲ್ಲೇ ಹಾಕಿರುವ 750 ವೋಲ್ಟಿನ ಮೂರನೇ ಹಳಿಯಿಂದ. ಅದರಲ್ಲಿ ವಿದ್ಯುತ್ ಹರಿಯುತ್ತಿರುವಾಗ ಕೆಲಸಗಾರರು ಹಳಿಗಿಳಿಯುವಂತಿಲ್ಲ. ರೈಲುಗಳೆಲ್ಲ ನಿಂತ ಮೇಲೆ ಆ ವಿದ್ಯುತ್ತನ್ನು ನಿಲ್ಲಿಸಿ, ಬೆಳಗಿನ ಮೊದಲ ರೈಲಿಗೆ ಮುಂಚೆ ಹಳಿ, ಸಿಗ್ನಲ್, ಕೇಬಲ್‌ಗಳ ತಪಾಸಣೆ ಮುಗಿಸಬೇಕು. ಆ ಕೆಲವು ಗಂಟೆಗಳನ್ನು ಪ್ರತಿದಿನ ಕಿತ್ತುಕೊಂಡರೆ ಸುರಕ್ಷತೆಗೆ ಕುಂದು ಬರುತ್ತದೆ. ಆದರೂ ಡಿಸೆಂಬರ್ 31ರ ರಾತ್ರಿ ಮತ್ತು ಐಪಿಎಲ್ ಪಂದ್ಯಗಳ ದಿನ ಮೆಟ್ರೊ ನಿಗಮವು ಸೇವೆಯನ್ನು ವಿಸ್ತರಿಸುತ್ತಲೇ ಬಂದಿದೆ. 2024ರ ಕೊನೆಯ ರಾತ್ರಿ ರೈಲುಗಳು ಎರಡು ಗಂಟೆಯವರೆಗೆ ಓಡಿದವು. ಶುಕ್ರವಾರ ಮತ್ತು ಶನಿವಾರಗಳಲ್ಲಾದರೂ ಒಂದು ತಾಸು ಹೆಚ್ಚು ಓಡಿಸುವುದನ್ನು ಪರಿಶೀಲಿಸಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಉಳಿದ ರಾತ್ರಿಗಳಿಗೆ ಬಸ್ಸೇ ಸರಿಯಾದ ಉತ್ತರ. ಬಸ್ಸಿಗೆ ಹಳಿಯಿಲ್ಲ, ಅದನ್ನು ಯಾವ ವೇಳೆಗಾದರೂ ಹೊರಡಿಸಬಹುದು. ಬಿಎಂಟಿಸಿಯ ರಾತ್ರಿ ಸೇವೆಗಳು ಇವೆಯಾದರೂ ಅವುಗಳಲ್ಲಿ ಹೆಚ್ಚಿನವು ಮೆಜೆಸ್ಟಿಕ್‌ನಂತಹ ದೊಡ್ಡ ನಿಲ್ದಾಣಗಳನ್ನು ಕೇಂದ್ರವಾಗಿಟ್ಟುಕೊಂಡವು. ದೊಮ್ಮಲೂರಿನಿಂದ ನೂರಡಿ ರಸ್ತೆಯ ಮೂಲಕ ಹಳೇ ಮದ್ರಾಸ್ ರಸ್ತೆಗೆ ಸೇರಿ ಕೆ.ಆರ್. ಪುರ ತಲುಪುವ ಒಂದು ಬಸ್ಸು ಹನ್ನೆರಡೂವರೆಗೆ ಮತ್ತು ಒಂದೂ ಮುಕ್ಕಾಲಿಗೆ ಹೊರಟರೂ ಸಾಕು, ನಿಮ್ಮಂತಹ ಅನೇಕರ ಸಂಬಳ ಉಳಿಯುತ್ತದೆ. ಸಾಮಾನ್ಯ ಬಸ್ಸಾದರೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ನಿಮಗೆ ಟಿಕೆಟ್ ಹಣವೂ ಬೀಳುವುದಿಲ್ಲ. ಈ ಬೇಡಿಕೆಯನ್ನು ನಿಮ್ಮ ಹೋಟೆಲ್‌ನವರೂ ಅಕ್ಕಪಕ್ಕದ ಹೋಟೆಲ್‌ನವರೂ ಒಟ್ಟಾಗಿ ಬಿಎಂಟಿಸಿಯ ಮುಂದಿಡಬೇಕು. ಹೊಸ ಹೋಟೆಲ್ ತೆರೆಯುವಾಗ ಗೋಡೆಯ ದೀಪಕ್ಕೆ ಖರ್ಚು ಮಾಡುವವರು ಕೆಲಸದವರು ಮನೆ ಸೇರುವ ಬಗ್ಗೆಯೂ ಲೆಕ್ಕ ಹಾಕಬೇಕು. ಅಲ್ಲಿಯವರೆಗೆ ಒಂಟಿಯಾಗಿ ಹೊರಡಬೇಡಿ, ಆಪತ್ತು ಎನ್ನಿಸಿದರೆ 112ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ಪ್ರಶ್ನೆ: ನಾವು ಎಚ್.ಎ.ಎಲ್. ಎರಡನೇ ಹಂತದ ಹಳೆಯ ನಿವಾಸಿಗಳು. ಪಕ್ಕದ ಮನೆ ಈಗ ರೆಸ್ಟೋರೆಂಟ್ ಆಗಿದೆ. ರಾತ್ರಿ ಹನ್ನೆರಡಾದರೂ ಮಾಳಿಗೆಯಿಂದ ಸಂಗೀತ, ಗೇಟಿನ ಮುಂದೆ ಯಾರದೋ ಕಾರು. ರೈಲು ಬಸ್ಸು ತಡರಾತ್ರಿಯವರೆಗೆ ಓಡಿದರೆ ಈ ಗದ್ದಲ ಇನ್ನೂ ಹೆಚ್ಚುವುದಿಲ್ಲವೇ?
(ಓದುಗರೊಬ್ಬರು, ಇಂದಿರಾನಗರ)

ಉತ್ತರ: ನಿಮ್ಮ ಸಂಕಟ ನಿಜವಾದದ್ದು. ಬದುಕಲೆಂದು ನಿವೇಶನ ಕೊಂಡು ಮನೆ ಕಟ್ಟಿಕೊಂಡ ಬಡಾವಣೆ ಕಣ್ಣೆದುರೇ ಊಟದ ಪೇಟೆಯಾಗುವುದನ್ನು ಸಹಿಸುವುದು ಸುಲಭವಲ್ಲ. ಆದರೆ ನಿಮ್ಮ ಕೊನೆಯ ಮಾತನ್ನು ನಾನು ಒಪ್ಪಲಾರೆ. ನಿಮ್ಮ ಗೇಟಿಗೆ ಅಡ್ಡ ನಿಲ್ಲುತ್ತಿರುವುದು ಕಾರು. ಹತ್ತು ಗಂಟೆಯ ನಂತರ ವಾಪಸು ಹೋಗಲು ಏನು ಸಿಗುವುದೋ ಎಂಬ ಅನುಮಾನವಿದ್ದವರು, ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಮನೆಯಿದ್ದರೂ ಕಾರು ತೆಗೆದುಕೊಂಡೇ ಬರುತ್ತಾರೆ. ಹಿಂತಿರುಗುವ ದಾರಿ ಖಾತ್ರಿಯಾದರೆ ಅವರಲ್ಲಿ ಒಂದಿಷ್ಟು ಜನವಾದರೂ ಕಾರನ್ನು ಮನೆಯಲ್ಲೇ ಬಿಡುತ್ತಾರೆ, ಕುಡಿದು ಓಡಿಸುವ ಅಪಾಯವೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಸದ್ದಿನ ಬಗ್ಗೆ ಕಾನೂನು ಸ್ಪಷ್ಟವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 55; ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಒಂದು ಗಂಟೆಯವರೆಗೆ ಬಾಗಿಲು ತೆರೆದಿಡುವ ಅನುಮತಿಯು ತೆರೆದ ಮಾಳಿಗೆಯಲ್ಲಿ ಒಂದು ಗಂಟೆಯವರೆಗೆ ಸಂಗೀತ ಹಾಕುವ ಅನುಮತಿಯಲ್ಲ. ಸದ್ದು ಆಗುತ್ತಿರುವಾಗಲೇ 112ಕ್ಕೆ ಕರೆ ಮಾಡಿ, ಕರೆಯ ದಿನಾಂಕ ಮತ್ತು ವೇಳೆಯನ್ನು ಬರೆದಿಡಿ. ಆ ಕಟ್ಟಡಕ್ಕೆ ಉದ್ಯಮ ಪರವಾನಗಿ ಇದೆಯೇ, ವಸತಿ ವಲಯದ ಆ ರಸ್ತೆಯಲ್ಲಿ ಅಂತಹ ವ್ಯಾಪಾರಕ್ಕೆ ಅವಕಾಶವಿದೆಯೇ ಎಂಬುದನ್ನು ಮಾಹಿತಿ ಹಕ್ಕಿನಡಿ ನಿಮ್ಮ ಪಾಲಿಕೆಯಿಂದ ಕೇಳಿ ಪಡೆಯಬಹುದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿರುವುದರಿಂದ ಅರ್ಜಿಯನ್ನು ಹಳೆಯ ವಿಳಾಸಕ್ಕೆ ಕಳಿಸದೆ ಈಗಿನ ಕಚೇರಿಯನ್ನು ವಿಚಾರಿಸಿಕೊಳ್ಳಿ.

ಪ್ರಶ್ನೆ: ಇಂದಿರಾನಗರದ ದುಬಾರಿ ಬಿಲ್ಲು ನಮಗೆ ಆಗದು. ರಾತ್ರಿ ಮೆಟ್ರೊದಲ್ಲಿ ಹೋಗಿ ತಿಂದು ಬರಬಹುದಾದ ಬೇರೆ ಜಾಗ ಹೇಳಿ.
(ವಿದ್ಯಾರ್ಥಿಗಳು, ಪೀಣ್ಯ)

ಉತ್ತರ: ಹಸಿರು ಮಾರ್ಗದಲ್ಲಿ ನೇರವಾಗಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಬಂದು, ಅಲ್ಲಿಂದ ನಡೆದು ವಿ.ವಿ. ಪುರದ ಸಜ್ಜನ್ ರಾವ್ ವೃತ್ತದ ಬಳಿಯ ತಿಂಡಿ ಬೀದಿಗೆ ಹೋಗಿ. ಸಂಜೆ ಕಳೆ ಕಟ್ಟುವ ಆ ಬೀದಿಯಲ್ಲಿ ದೋಸೆ, ಪಡ್ಡು, ಹೋಳಿಗೆ, ಮಸಾಲೆ ಪುರಿಗಳನ್ನು ನಿಂತೇ ತಿನ್ನಬಹುದು. ನಾಲ್ಕು ಜನ ಹಂಚಿಕೊಂಡರೆ ಜೇಬಿಗೆ ಭಾರವಾಗದು. ಚಳಿಗಾಲದಲ್ಲಿ ಅವರೆಬೇಳೆ ಮೇಳ ನಡೆಯುವಾಗ ಬಂದರೆ ಇನ್ನೂ ಒಳ್ಳೆಯದು. 2023ರಲ್ಲಿ ಅದು ಈ ಬೀದಿಯಿಂದ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಸ್ಥಳಾಂತರವಾಗಿ ನಿಲ್ದಾಣಕ್ಕೆ ಮತ್ತಷ್ಟು ಹತ್ತಿರವಾಯಿತು. ಏಳರಿಂದ ಒಂಬತ್ತರ ನಡುವೆ ತಿಂದು ಮುಗಿಸಿದರೆ ಕೊನೆಯ ರೈಲಿನ ಚಿಂತೆಯೇ ಇರುವುದಿಲ್ಲ, ಹಾಸ್ಟೆಲಿನ ಗೇಟು ಮುಚ್ಚುವ ಮುಂಚೆ ಪೀಣ್ಯ ತಲುಪಬಹುದು.