ಬೈಬಲಿನಲ್ಲಿಲ್ಲದ ತೆನೆ ಹಬ್ಬ

ಓದುಗರ ಪತ್ರ: ನಾವು ಬಂಟ್ವಾಳ ಕಡೆಯ ಕಥೋಲಿಕರು. ಪ್ರತಿ ಸೆಪ್ಟೆಂಬರ್ 8ರಂದು ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತ್ ಆಚರಿಸುತ್ತೇವೆ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವದಿಸಿದ ತೆನೆ ಮನೆಗೆ ತಂದು ಹೊಸ ಅಕ್ಕಿ ಊಟ ಮಾಡುತ್ತೇವೆ. ಮಗ ಬೆಂಗಳೂರಿನಲ್ಲಿ ಒಂದು ಹೊಸ ಪ್ರಾರ್ಥನಾ ಕೂಟಕ್ಕೆ ಸೇರಿದ್ದಾನೆ. ಕಳೆದ ವರ್ಷ ಹಬ್ಬದ ಊಟಕ್ಕೆ ಕೂರಲಿಲ್ಲ. ಮರಿಯಮ್ಮನ ಹುಟ್ಟುಹಬ್ಬ, ತೆನೆ, ಮೇಣದಬತ್ತಿ ಯಾವುದೂ ಬೈಬಲಿನಲ್ಲಿಲ್ಲ, ಇದೆಲ್ಲ ಮೂರ್ತಿಪೂಜಕರಿಂದ ಬಂದದ್ದು, ಮನುಷ್ಯರು ಮಾಡಿದ ಸಂಪ್ರದಾಯವನ್ನು ಯೇಸುವೇ ಖಂಡಿಸಿದ್ದಾರೆ ಅನ್ನುತ್ತಾನೆ. ಇದು ನಿಜವೇ? ಈ ವರ್ಷ ತೆನೆ ತರಬೇಕೋ ಬೇಡವೋ?

ಸಂಪಾದಕರ ಉತ್ತರ:

ಅಮ್ಮಾ, ತೆನೆ ತನ್ನಿ.

ಹಾಗಂತ ಮಗನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅವನು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಮರಿಯಮ್ಮ ಎಲ್ಲಿ, ಯಾವಾಗ ಹುಟ್ಟಿದರು ಎಂದು ನಾಲ್ಕು ಸುವಾರ್ತೆಗಳಲ್ಲಿ ಒಂದರಲ್ಲೂ ಬರೆದಿಲ್ಲ. ಅವರ ಅಪ್ಪ ಅಮ್ಮ ಜೋಕಿಮ್ ಮತ್ತು ಅನ್ನಮ್ಮ ಎಂದು ನಾವು ಹೇಳುತ್ತೇವಲ್ಲ, ಆ ಹೆಸರುಗಳೂ ಬೈಬಲಿನವಲ್ಲ. ಎರಡನೇ ಶತಮಾನದಲ್ಲಿ ಯಾಕೋಬನ ಹೆಸರಿನಲ್ಲಿ ಹುಟ್ಟಿಕೊಂಡ ಒಂದು ಪುಸ್ತಕದಿಂದ ಬಂದವು. ಆ ಪುಸ್ತಕವನ್ನು ಧರ್ಮಸಭೆ ಬೈಬಲಿಗೆ ಸೇರಿಸಲೇ ಇಲ್ಲ. ಆದರೆ ಅದರ ಕಥೆ ಜನರ ಮನಸ್ಸಿನಲ್ಲಿ ಉಳಿಯಿತು.

ಹಬ್ಬ ಬೆಳೆದದ್ದು ರೋಮ್‌ಗಿಂತ ಪೂರ್ವದ ಕ್ರೈಸ್ತ ನಾಡುಗಳಲ್ಲಿ. ಜೆರುಸಲೇಮಿನ ಬೆತ್ಸಥಾ ಕೊಳದ ಹತ್ತಿರ ಐದನೇ ಶತಮಾನದಲ್ಲೇ ಮರಿಯಮ್ಮನ ಹೆಸರಿನ ಇಗರ್ಜಿ ಇತ್ತು. ಅನ್ನಮ್ಮನ ಮನೆ ಅಲ್ಲೇ ಇತ್ತೆಂದು ಆ ಊರಿನವರ ನಂಬಿಕೆ. ಆರನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ರೊಮಾನೋಸ್ ಎಂಬ ಕವಿ ಈ ಜನನದ ಮೇಲೆ ಸ್ತೋತ್ರ ಕಟ್ಟಿದರು. ಏಳನೇ ಶತಮಾನದ ಕೊನೆಯಲ್ಲಿ ಪೋಪ್ ಒಂದನೇ ಸೆರ್ಜಿಯಸ್ ರೋಮ್‌ನಲ್ಲಿ ಈ ದಿನ ಮೆರವಣಿಗೆ ಮಾಡಬೇಕೆಂದು ವಿಧಿಸಿದರು. ಅವರದು ಸಿರಿಯಾ ಮೂಲದ ಮನೆತನ, ಹಾಗಾಗಿ ಪೂರ್ವದ ಹಬ್ಬ ಅವರಿಗೆ ಹೊಸದಾಗಿರಲಿಲ್ಲ. ನಿಮ್ಮ ಪಕ್ಕದ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಇದನ್ನು 1763ರಲ್ಲಿ ಶುರು ಮಾಡಿದ್ದು ಗೋವಾದ ಫಾದರ್ ಜೋಕಿಮ್ ಮಿರಾಂದ ಎಂದು ಹಿರಿಯರು ಹೇಳುತ್ತಾರೆ.

ತೆನೆಯ ಕಥೆ ಬೇರೆ. ತುಳುನಾಡಿನ ಹಿಂದೂ ಮನೆಗಳಲ್ಲೂ ತೆನೆ ತಂದು ಕಟ್ಟುವುದು, ಹೊಸ ಅಕ್ಕಿ ಊಟ ಮಾಡುವುದು ಇದೆ ಅಲ್ವಾ? ಕ್ರೈಸ್ತರಾದ ಮೇಲೂ ನಮ್ಮ ಹಿರಿಯರು ಗದ್ದೆ ಬಿಡಲಿಲ್ಲ, ಮೊದಲ ತೆನೆಯನ್ನು ದೇವರ ಮುಂದೆ ಇಡುವುದನ್ನೂ ಬಿಡಲಿಲ್ಲ. ಮಗ ಇದನ್ನೇ 'ಹೊರಗಿನದು' ಅನ್ನುತ್ತಿರಬೇಕು. ಆದರೆ ಯಾಜಕಕಾಂಡದ 23ನೇ ಅಧ್ಯಾಯ ತೆಗೆಯಲಿ. ಬೆಳೆಯ ಮೊದಲ ಸಿವುಡನ್ನು ಯಾಜಕನ ಬಳಿಗೆ ತರಬೇಕು, ಅದಕ್ಕೂ ಮುಂಚೆ ಹೊಸ ಧಾನ್ಯ ತಿನ್ನಬಾರದು ಎಂದಿದೆ. ಧರ್ಮೋಪದೇಶಕಾಂಡದ 26ರಲ್ಲಿ ಮೊದಲ ಫಲವನ್ನು ಪುಟ್ಟಿಯಲ್ಲಿ ತಂದು ಒಪ್ಪಿಸುವ ವಿಧಿಯಿದೆ. ನಿಮ್ಮ ಹಬ್ಬದಲ್ಲಿ ಬೈಬಲಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಆ ತೆನೆಯೇ.

'ಎಲ್ಲಿ ಬರೆದಿದೆ ತೋರಿಸಿ' ಎಂಬ ಪ್ರಶ್ನೆಯೂ ಹೊಸದಲ್ಲ. ಆಫ್ರಿಕಾದ ಕಾರ್ಥೇಜ್ ಪಟ್ಟಣದ ಕ್ರೈಸ್ತ ಲೇಖಕ ತೆರ್ತುಲಿಯನ್ ಸುಮಾರು 211ರಲ್ಲೇ ಇದಕ್ಕೆ ಉತ್ತರ ಬರೆದರು. ದೀಕ್ಷಾಸ್ನಾನದಲ್ಲಿ ಮೂರು ಸಲ ಮುಳುಗಿಸುತ್ತೇವೆ, ಆಮೇಲೆ ಹಾಲು ಜೇನು ಕೊಡುತ್ತೇವೆ. ಮನೆಗೆ ಬರುವಾಗ, ಹೊರಡುವಾಗ, ಚಪ್ಪಲಿ ಮೆಟ್ಟುವಾಗ, ಊಟಕ್ಕೆ ಕೂರುವಾಗ, ದೀಪ ಹಚ್ಚುವಾಗ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತೇವೆ. ಇವಕ್ಕೆಲ್ಲ ಗ್ರಂಥದಲ್ಲಿ ಆಜ್ಞೆ ಹುಡುಕಿದರೆ ಸಿಗುವುದಿಲ್ಲ, ಇವು ಸಂಪ್ರದಾಯದಿಂದ ಬಂದು ರೂಢಿಯಿಂದ ಗಟ್ಟಿಯಾದವು ಎಂದು ಅವರೇ ಒಪ್ಪಿದ್ದಾರೆ. ನಾಲ್ಕನೇ ಶತಮಾನದಲ್ಲಿ ಸಂತ ಬೆಸಿಲ್ ಕೂಡ ಇಂಥದ್ದೇ ಪಟ್ಟಿ ಕೊಟ್ಟರು. ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸುವುದು ಎಲ್ಲಿ ಬರೆದಿದೆ ಎಂದು ಅವರು ಕೇಳುತ್ತಾರೆ. ಅಂದರೆ ನಮ್ಮ ಹಿರಿಯರು ಏನನ್ನೂ ಮುಚ್ಚಿಟ್ಟಿರಲಿಲ್ಲ.

ಮೇಣದಬತ್ತಿಯ ಜಗಳವಂತೂ ನಿಮ್ಮ ಮನೆಯ ಜಗಳವೇ. ಗಾಲ್ ದೇಶದ (ಇಂದಿನ ಫ್ರಾನ್ಸ್ ಕಡೆಯ) ವಿಜಿಲಾಂತಿಯಸ್ ಎಂಬ ಗುರು, ಹಾಡಹಗಲೇ ರಾಶಿ ರಾಶಿ ಬತ್ತಿ ಹಚ್ಚುತ್ತೀರಿ, ಇದು ಮೂರ್ತಿಪೂಜಕರ ಪದ್ಧತಿ ಎಂದು ಆಕ್ಷೇಪಿಸಿದರು. 406ರಲ್ಲಿ ಬೆತ್ಲೆಹೇಮಿನಿಂದ ಸಂತ ಜೆರೋಮ್ ಜೋರಾಗಿಯೇ ಉತ್ತರ ಕೊಟ್ಟರು. ಪೂರ್ವದ ಇಗರ್ಜಿಗಳಲ್ಲಿ ಸುವಾರ್ತೆ ಓದುವಾಗ ಬಿಸಿಲಿದ್ದರೂ ದೀಪ ಹಚ್ಚುತ್ತಾರೆ, ಅದು ಕತ್ತಲೆ ಓಡಿಸಲು ಅಲ್ಲ, ಸಂತೋಷ ತೋರಿಸಲು ಎಂದರು. ವಿಗ್ರಹಗಳಿಗಾಗಿ ಮಾಡಿದಾಗ ಅದು ತಪ್ಪು, ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಗೌರವಕ್ಕೆ ಮಾಡಿದರೆ ಸರಿ ಎನ್ನುವುದು ಅವರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ. ಒಂದು ಆಚರಣೆ ಯಾರ ಮನೆಯಿಂದ ಬಂತು ಅನ್ನುವುದಕ್ಕಿಂತ ಈಗ ಅದು ಯಾರ ಕಡೆ ನಮ್ಮ ಮನಸ್ಸು ತಿರುಗಿಸುತ್ತದೆ ಅನ್ನುವುದೇ ಮುಖ್ಯ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಜಾಸ್ತಿ ನಾಟಿದ ಸಂಗತಿ ಬೇರೆಯೇ ಇದೆ. ಮೋಶೆಯ ಧರ್ಮಶಾಸ್ತ್ರಕ್ಕೆ ಸೇರಿದ ವಿಮೋಚನಕಾಂಡದ 12ನೇ ಅಧ್ಯಾಯದಲ್ಲಿ, ಈಜಿಪ್ಟಿನ ಬಿಡುಗಡೆಯನ್ನು ನೆನೆಯುವ ಯೆಹೂದ್ಯರ ಪಸ್ಕ ಹಬ್ಬದ ಊಟದ ವಿಧಿ ಇದೆ. ಕುರಿಮರಿ, ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು. ದ್ರಾಕ್ಷಾರಸದ ಮಾತೇ ಇಲ್ಲ. ಅದು ಆಮೇಲೆ ಮನೆಮನೆಯ ರೂಢಿಯಾಗಿ ಸೇರಿಕೊಂಡದ್ದು. ಸುಮಾರು 200ರಲ್ಲಿ ಯೆಹೂದ್ಯರ ನಿಯಮಗಳ ಸಂಗ್ರಹವಾದ ಮಿಷ್ನಾ ಸಿದ್ಧವಾಗುವ ಹೊತ್ತಿಗೆ, ಊರಿನ ಕಡು ಬಡವನಿಗೂ ನಾಲ್ಕು ಬಟ್ಟಲಿಗೆ ಕಡಿಮೆಯಾಗಬಾರದು ಎಂಬ ನಿಯಮವೇ ಬಂದಿತ್ತು. ಕೊನೆಯ ರಾತ್ರಿಯ ಊಟದಲ್ಲಿ ಯೇಸು ಕೈಗೆತ್ತಿಕೊಂಡ ಬಟ್ಟಲು ಮೋಶೆ ಬರೆದಿಡದ ಬಟ್ಟಲು. 'ಇದು ನನ್ನ ರಕ್ತ' ಎಂದು ಹೇಳಿದ್ದು ಅದನ್ನೇ ಹಿಡಿದು. ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಅವರು ಪ್ರತಿಷ್ಠೆಯ ಹಬ್ಬದ (ದೇವಾಲಯವನ್ನು ಮರಳಿ ಶುದ್ಧಗೊಳಿಸಿದ ನೆನಪಿನ ಹಬ್ಬದ) ಹೊತ್ತಿಗೆ ಜೆರುಸಲೇಮಿನ ದೇವಾಲಯದಲ್ಲಿದ್ದರು ಎಂದಿದೆ. ಆ ಹಬ್ಬವೂ ಮೋಶೆಯ ಧರ್ಮಶಾಸ್ತ್ರದಲ್ಲಿಲ್ಲ.

ಇನ್ನು ಮಗ ಹೇಳಿದ ಖಂಡನೆಯ ಮಾತು. ಅದು ಮಾರ್ಕನ 7ನೇ ಅಧ್ಯಾಯದ್ದು. ಅಲ್ಲಿ ಮುಂದೆ ಓದಬೇಕು. 'ಇದು ಕೊರ್ಬಾನ್, ದೇವರಿಗೆ ಮೀಸಲು' ಎಂದು ಹೇಳಿ ಹೆತ್ತವರಿಗೆ ಸಲ್ಲಬೇಕಾದ್ದನ್ನು ತಪ್ಪಿಸುವವರ ಸಂಪ್ರದಾಯವನ್ನು ಯೇಸು ಬೈದದ್ದು. ದೇವರ ಆಜ್ಞೆಯನ್ನೇ ಮೀರಲು ನೆಪವಾದ ಸಂಪ್ರದಾಯ ಅದು. ತಾಯಿ ಬಡಿಸಿದ ಹೊಸ ಅಕ್ಕಿ ಅನ್ನ ಆ ಸಾಲಿಗೆ ಸೇರುವುದಿಲ್ಲ.

ಮಗನ ಪರವಾಗಿಯೂ ಒಂದು ಮಾತು ಹೇಳಲೇಬೇಕು. ರೂಢಿಯನ್ನು ಪ್ರಶ್ನಿಸುವವರು ಬೇಕು. 1517ರಲ್ಲಿ ಜರ್ಮನಿಯ ಧರ್ಮಸುಧಾರಕ ಲೂಥರ್ ಪಾಪದಂಡನೆಯ ಮಾಫಿ ಪತ್ರಗಳ ಮಾರಾಟವನ್ನು ಪ್ರಶ್ನಿಸದಿದ್ದರೆ ಆ ಅನ್ಯಾಯ ಇನ್ನಷ್ಟು ಕಾಲ ನಡೆಯುತ್ತಿತ್ತು. ಆದರೆ ಅದೇ ಲೂಥರ್ ಬೈಬಲಿಗೆ ವಿರುದ್ಧವಲ್ಲದ ಎಷ್ಟೋ ಆಚರಣೆಗಳನ್ನು ಉಳಿಸಿಕೊಂಡರು. ಜ್ಯೂರಿಕ್‌ನ ಸುಧಾರಕ ಸ್ವಿಂಗ್ಲಿ ಹಾಗಲ್ಲ, ಚಿತ್ರ, ಪ್ರತಿಮೆಗಳನ್ನು ತೆಗೆಸಿದರು, ಇಗರ್ಜಿಯ ಆರ್ಗನ್ನನ್ನೂ ನಿಲ್ಲಿಸಿದರು. ಬೈಬಲನ್ನು ಪ್ರೀತಿಸುವವರಲ್ಲೇ ಎರಡು ದಾರಿಗಳಿವೆ. ತೆನೆ ಮುಟ್ಟದವನೂ ಕ್ರೈಸ್ತನೇ, ಅವನ ಮೇಲೆ ಹಬ್ಬ ಹೇರಬೇಡಿ. ಹಾಗೆಯೇ ತೆನೆ ತಂದವರ ನಂಬಿಕೆ ಕಳಪೆ ಎಂದು ಅವನೂ ಹೇಳಬಾರದು.

ಈ ಸಲ ಮಗ ಊರಿಗೆ ಬಂದಾಗ ಇಬ್ಬರೂ ಕೂತು ವಿಮೋಚನಕಾಂಡದ 12ನ್ನೂ ಲೂಕನ 22ನ್ನೂ ಜೊತೆಯಲ್ಲಿಟ್ಟು ಓದಿ. ಬಟ್ಟಲು ಎಲ್ಲಿಂದ ಬಂತು ಎಂದು ಅವನನ್ನೇ ಕೇಳಿ. ಅವನು ಏನು ಹೇಳಿದ ಎಂದು ನಮಗೆ ಬರೆದು ತಿಳಿಸಿ. ಅವನೇ ಬರೆದರೂ ಪ್ರಕಟಿಸುತ್ತೇವೆ.